ಹೊಸ ಜೀನಿಗೆ ಎಣ್ಣೆ ಎಷ್ಟು, ಗಾಳಿ ಎಷ್ಟು?

ಈ ಸಲ ಬಂದ ಪತ್ರಗಳಲ್ಲಿ ಕುದುರೆ ಜೀನಿನ ಬಗ್ಗೆಯೇ ಪ್ರಶ್ನೆ ಜಾಸ್ತಿ. ಚಿಕ್ಕಮಗಳೂರು, ಹಾಸನ ಎರಡೂ ಕಡೆಯಿಂದ ಬಂದಿವೆ. ಕುದುರೆ ತಂದವರು ಹುಲ್ಲು, ಹುರುಳಿ, ಲಾಳ ಎಲ್ಲವನ್ನೂ ನಾಲ್ಕು ಜನರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಜೀನಿನ ವಿಷಯಕ್ಕೆ ಬಂದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹೊಸ ಜೀನು ಒಂದೇ ಮಳೆಗಾಲಕ್ಕೆ ಹಾಳಾಗುತ್ತದೆ. ಅದಕ್ಕೇ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಕಾನ್ಪುರದಿಂದ ಹೊಸ ಚರ್ಮದ ಜೀನು ತರಿಸಿದ್ದೇನೆ. ತುಂಬಾ ಬಿರುಸಾಗಿದೆ, ಕೂತರೆ ಕಿರ್ ಕಿರ್ ಅಂತ ಸದ್ದು ಬೇರೆ. ನಮ್ಮ ತೋಟದ ರೈಟರು ಒಂದು ರಾತ್ರಿ ಪೂರ್ತಿ ಎಣ್ಣೆಯಲ್ಲಿ ನೆನೆಸಿಡಿ ಅಂತಾರೆ. ಇನ್ನೊಬ್ಬರು ನೀರಿನಲ್ಲಿ ಅದ್ದಿ, ಒದ್ದೆ ಇರುವಾಗಲೇ ಸವಾರಿ ಮಾಡಿ ಒಣಗಿಸಿ ಅಂತಾರೆ. ಯಾವುದು ಸರಿ?
ಓದುಗರು, ಮೂಡಿಗೆರೆ

ಉತ್ತರ: ಎರಡೂ ಬೇಡ. ದಯವಿಟ್ಟು ಬೇಡ.

ಮೊದಲು ಈ ಚರ್ಮ ಏನು ಅಂತ ತಿಳಿದುಕೊಳ್ಳಿ, ಆಮೇಲೆ ಉಳಿದದ್ದು ಸುಲಭ. ಒಳ್ಳೆಯ ಜೀನಿನ ಚರ್ಮವನ್ನು ಹದ ಮಾಡುವುದು ಗಿಡಮರಗಳ ಒಗರಿನಿಂದ. ಉತ್ತರದ ಕಡೆ ಕರಿಜಾಲಿ ತೊಗಟೆ, ನಮ್ಮ ದಕ್ಷಿಣದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ, ಇವೆಲ್ಲ ಹಿಂದಿನಿಂದ ಈ ಕೆಲಸಕ್ಕೆ ಬಳಕೆಯಾಗಿವೆ. ಹೀಗೆ ಹದ ಮಾಡಿದ ಚರ್ಮ ದಪ್ಪ, ಗಟ್ಟಿ, ಮೊದಲಿಗೆ ಬಿರುಸು. ಆದರೆ ಮೈ ಬಿಸಿ, ಸ್ವಲ್ಪ ಬೆವರಿನ ತೇವ, ಕೂತವರ ಭಾರ, ಈ ಮೂರೂ ಸೇರಿದರೆ ಅದು ನಿಧಾನಕ್ಕೆ ನಿಮ್ಮ ಕಾಲಿನ ಆಕಾರಕ್ಕೆ ಬರುತ್ತದೆ, ಬಂದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಅಂದರೆ ಜೀನನ್ನು ಪಳಗಿಸುವುದು ಸವಾರಿ, ಎಣ್ಣೆ ಅಲ್ಲ. ಎಣ್ಣೆಯ ಕೆಲಸ ಇಷ್ಟೇ: ಚರ್ಮದ ಎಳೆಗಳು ಒಂದರ ಮೇಲೊಂದು ಸವೆಯದೆ ಜಾರುವ ಹಾಗೆ ನೋಡಿಕೊಳ್ಳುವುದು. ಅದಕ್ಕೆ ಸ್ವಲ್ಪ ಸಾಕು. ಜಾಸ್ತಿಯಾದರೆ ಎಳೆಗಳೇ ಸಡಿಲವಾಗಿ ಚರ್ಮ ಜೋಲುಬೀಳುತ್ತದೆ, ಪಟ್ಟಿಗಳು ಎಳೆದಷ್ಟೂ ಬರುತ್ತವೆ, ಹೊಲಿಗೆಯ ದಾರವೂ ಕೊಳೆಯಬಹುದು.

ನೀರಿನಲ್ಲಿ ಅದ್ದುವುದಂತೂ ಇನ್ನೂ ಕೆಟ್ಟದ್ದು. ಜೀನಿನ ಹೊಟ್ಟೆಯೊಳಗೆ ಟ್ರೀ ಅಂತ ಒಂದು ಅಸ್ಥಿಪಂಜರ ಇರುತ್ತದೆ, ಸಾಮಾನ್ಯವಾಗಿ ಮರದ್ದು, ಅದಕ್ಕೆ ಉಕ್ಕಿನ ಪಟ್ಟಿ ಜೋಡಿಸಿರುತ್ತಾರೆ. ಕುದುರೆ ಬೆನ್ನಿಗೆ ತಾಗುವ ಮೆತ್ತೆಯಲ್ಲಿ ಉಣ್ಣೆ ತುಂಬಿರುತ್ತಾರೆ. ಮೂಡಿಗೆರೆಯ ಹವೆಯಲ್ಲಿ ಒಳಗಿನ ಉಣ್ಣೆ ಒಂದು ಸಲ ನೆಂದರೆ ಒಣಗುವುದು ಯಾವಾಗ? ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬೂಷ್ಟು ಕೂತಿರುತ್ತದೆ.

ಇನ್ನು ಮಾಡಬೇಕಾದದ್ದು. ಎಣ್ಣೆ ಬಾಟಲಿ ಮುಟ್ಟುವ ಮೊದಲು ಜೀನು ನಿಮ್ಮ ಕುದುರೆಗೆ ಸರಿಹೋಗುತ್ತದಾ ನೋಡಿ. ಎಣ್ಣೆ ಹಚ್ಚಿದ ಜೀನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ. ಹೇಗೆ ನೋಡುವುದು ಅಂತ ಕಡೂರಿನವರ ಪ್ರಶ್ನೆಯಲ್ಲಿ ಬರೆದಿದ್ದೇನೆ. ಸರಿ ಇದ್ದರೆ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಇಡೀ ಜೀನನ್ನು ಒರೆಸಿ, ನೆರಳಲ್ಲಿ ಆರಲು ಬಿಡಿ. ಹೊಸ ಜೀನಿನ ಮೇಲೆ ಕಾರ್ಖಾನೆಯ ಮೇಣ, ಧೂಳು ಇರುತ್ತದೆ, ಅದು ಹೋಗಬೇಕು. ಆಮೇಲೆ ನೀಟ್ಸ್‌ಫೂಟ್ ಎಣ್ಣೆಯೋ ಒಳ್ಳೆಯ ಲೆದರ್ ಕಂಡೀಷನರ್ರೋ ತೆಗೆದುಕೊಳ್ಳಿ. ನೀಟ್ಸ್‌ಫೂಟ್ ಅಂದರೆ ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆ, ಮನೆಯಲ್ಲಿ ಅದು ಬೇಡ ಅನ್ನುವವರಿದ್ದರೆ ಜೇನುಮೇಣದ ಕಂಡೀಷನರ್ ಸಿಗುತ್ತದೆ. ಬಟ್ಟೆಗೆ ಹಾಕಿಕೊಂಡು ಹಚ್ಚಿ, ಜೀನಿನ ಮೇಲೆ ಸುರಿಯಬೇಡಿ. ಚರ್ಮದ ನುಣುಪು ಬದಿ ಎಣ್ಣೆ ಕುಡಿಯುವುದು ಕಡಿಮೆ, ಒರಟು ಬದಿ ಬೇಗ ಕುಡಿಯುತ್ತದೆ. ಹಾಗಾಗಿ ಜೀನಿನ ಎರಡೂ ಕಡೆ ಇಳಿಬಿಟ್ಟ ಚರ್ಮದ ರೆಕ್ಕೆಗಳ ಒಳಬದಿ, ಪಟ್ಟಿಗಳ ಹಿಂಬದಿ, ಇಲ್ಲಿಂದ ಶುರುಮಾಡಿ. ಒಂದು ತೆಳು ಕೋಟು. ಒಂದು ದಿನ ಪೂರ್ತಿ ಬಿಡಿ. ಮಾರನೇ ದಿನ ಮುಟ್ಟಿ ನೋಡಿದಾಗ ಇನ್ನೂ ಒಣಗಿದ ಹಾಗಿದ್ದರೆ ಮಾತ್ರ ಇನ್ನೊಂದು ತೆಳು ಕೋಟು. ಕೂರುವ ಜಾಗಕ್ಕೆ ಮತ್ತು ಕುದುರೆ ಬೆನ್ನಿಗೆ ತಾಗುವ ಮೆತ್ತೆಗೆ ತೀರಾ ಕಡಿಮೆ ಸಾಕು, ಅಲ್ಲಿ ಚರ್ಮ ತೆಳು, ಜಾಸ್ತಿ ಹಾಕಿದರೆ ಒಳಗಿನ ಉಣ್ಣೆಗೇ ಇಳಿಯುತ್ತದೆ. ಮೊಣಕಾಲಿನ ಹತ್ತಿರ ಸ್ವೀಡ್ (ಮೇಲ್ಮೈ ಮಖಮಲ್ಲಿನ ಹಾಗಿರುವ ಚರ್ಮ) ಇದ್ದರೆ ಅದಕ್ಕೆ ಎಣ್ಣೆಯೇ ಬೇಡ, ಬ್ರಷ್ ಸಾಕು. ಎಣ್ಣೆ ಬಿದ್ದ ಚರ್ಮದ ಬಣ್ಣ ಕಪ್ಪಾಗುತ್ತದೆ, ಗಾಬರಿ ಬೇಡ.

ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಸುರುಳಿ ಸುತ್ತಿ ಬಿಡಿಸಿ, ಸಂಜೆ ಕೂತು ಮಾತಾಡುತ್ತಾ ಮಾಡಬಹುದಾದ ಕೆಲಸ ಅದು. ಒತ್ತಿ ಮಡಚಬೇಡಿ, ಮಡಚಿದ ಗೆರೆಯಲ್ಲೇ ಬಿರುಕು ಬರುತ್ತದೆ. ಆಮೇಲೆ ಸವಾರಿ. ಮೊದಲ ಕೆಲವು ವಾರ ದಿನಾ ಅರ್ಧ ಗಂಟೆ ಒಳಗೆ, ಸಮತಟ್ಟಾದ ಜಾಗದಲ್ಲಿ. ಹತ್ತಿದ ಐದು ನಿಮಿಷಕ್ಕೆ ಇಳಿದು ಹೊಟ್ಟೆಪಟ್ಟಿ ಇನ್ನೊಂದು ಸಲ ಬಿಗಿ ನೋಡಿ, ಹೊಸ ಪಟ್ಟಿ ಎಳೆಯುತ್ತದೆ, ಜೀನೂ ಕೂರುತ್ತದೆ, ಇದನ್ನು ಮರೆತರೆ ಜೀನಿನ ಜೊತೆ ನೀವೂ ಪಕ್ಕಕ್ಕೆ ವಾಲುತ್ತೀರಿ. ತೂತು ಸಾಲದಿದ್ದರೆ ಮೊಳೆ ಹೊಡೆದು ತೂತು ಮಾಡಬೇಡಿ, ಮೊಳೆಯ ತೂತು ಹರಿಯುತ್ತದೆ. ಚರ್ಮದ ಕೆಲಸದವರ ಹತ್ತಿರ ದುಂಡು ಪಂಚ್ ಇರುತ್ತದೆ, ಎರಡೂ ಬದಿ ಸಮ ಅಳತೆಗೆ ಹೊಡೆಸಿ. ಪ್ರತಿ ಸವಾರಿ ಆದ ಮೇಲೆ ಹಿಂಡಿದ ಬಟ್ಟೆಯಲ್ಲಿ ಬೆವರು ಒರೆಸಿಬಿಡಿ. ಬೆವರಿನ ಉಪ್ಪು ಚರ್ಮದಲ್ಲೇ ಒಣಗಿದರೆ ಎಷ್ಟು ಎಣ್ಣೆ ಹಾಕಿದರೂ ಪ್ರಯೋಜನ ಇಲ್ಲ.

ಕಿರ್ ಕಿರ್ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ಚರ್ಮ ಚರ್ಮಕ್ಕೆ ಉಜ್ಜುವ ಸದ್ದು ಅದು. ರೆಕ್ಕೆಗಳ ನಡುವೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿದರೆ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮದೇ ತೋಟದ ಕೊಬ್ಬರಿ ಎಣ್ಣೆ ಇದೆಯಲ್ಲ ಅಂತ ಹೊಸ ಜೀನಿಗೆ ಚೆನ್ನಾಗಿ ಹಚ್ಚಿದೆ, ಹೆಚ್ಚುಕಡಿಮೆ ಅರ್ಧ ಲೀಟರ್ ಹಿಡಿಸಿರಬಹುದು. ಈಗ ಅಂಟು ಅಂಟು. ಪ್ಯಾಂಟಿಗೆಲ್ಲ ಕಂದು ಬಣ್ಣ ಹತ್ತುತ್ತಿದೆ. ಏನು ಮಾಡಲಿ?
ಓದುಗರು, ಅರಸೀಕೆರೆ

ಉತ್ತರ: ಅರಸೀಕೆರೆಯವರಿಗೆ ಕೊಬ್ಬರಿ ಎಣ್ಣೆ ಬೇಡ ಅನ್ನುವುದು ಕಷ್ಟವೇ. ಆದರೆ ಈ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಬಾಟಲಿಯನ್ನು ಬಿಸಿಲಿಗೆ ಇಡುತ್ತೀರಲ್ವಾ, ಚರ್ಮದೊಳಗೂ ಅದೇ ಆಗುತ್ತದೆ. ಚಳಿಯಲ್ಲಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಬಿಸಿಲಿಗೆ ಕರಗಿ ಜಿಡ್ಡಾಗುತ್ತದೆ. ಬೇರೆ ಅಡುಗೆ ಎಣ್ಣೆಗಳೂ ಬೇಡ. ಸೂರ್ಯಕಾಂತಿ ಎಣ್ಣೆ ಕಮಟು ಹಿಡಿದು ಅಂಟಾಗುತ್ತದೆ. ಅಗಸೆ ಎಣ್ಣೆ ಎಲ್ಲಕ್ಕಿಂತ ಕೆಟ್ಟದ್ದು, ಅದು ಬಣ್ಣಕ್ಕೆ ಬೆರೆಸುವ ಎಣ್ಣೆ, ಒಣಗಿ ಗಟ್ಟಿಯಾಗುವುದೇ ಅದರ ಗುಣ. ಹರಳೆಣ್ಣೆಯನ್ನು ಹಿಂದೆ ಚರ್ಮಕ್ಕೆ ಬಳಸುತ್ತಿದ್ದರು, ನಿಜ. ಆದರೆ ಅದು ಮಂದ, ನಿಮ್ಮ ಕಡೆಯ ಧೂಳೆಲ್ಲ ಬಂದು ಕೂರುತ್ತದೆ.

ಈಗ ಎಣ್ಣೆ ನಿಲ್ಲಿಸಿ. ಒಣ ಕಾಟನ್ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಬಟ್ಟೆ ಬದಲಿಸುತ್ತಾ ಇರಿ. ನಂತರ ಕಾರ್ನ್ ಫ್ಲೋರ್ ತೆಳ್ಳಗೆ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಮೆತ್ತನೆ ಬ್ರಷ್‌ನಲ್ಲಿ ಪೂರ್ತಿ ತೆಗೆಯಿರಿ. ಕೆಲವು ಸಲ ಮಾಡಬೇಕಾಗುತ್ತದೆ. ಕೊನೆಗೆ ಗ್ಲಿಸರಿನ್ ಇರುವ ಸ್ಯಾಡಲ್ ಸೋಪು, ಚೆನ್ನಾಗಿ ಹಿಂಡಿದ ಸ್ಪಂಜು. ನೊರೆ ಬಂದರೆ ನೀರು ಜಾಸ್ತಿ ಆಯಿತು ಅಂತ ಅರ್ಥ. ಬಟ್ಟೆ ಸೋಪು, ಪಾತ್ರೆ ಲಿಕ್ವಿಡ್ ಹತ್ತಿರವೂ ತರಬೇಡಿ. ಒಗರಿನಲ್ಲಿ ಹದವಾದ ಚರ್ಮಕ್ಕೆ ಹುಳಿ ಗುಣ ಇರುತ್ತದೆ, ಸೋಪಿನ ಕ್ಷಾರ ಅದಕ್ಕೆ ಆಗುವುದಿಲ್ಲ.

ಬಣ್ಣ ಬಿಡುವುದು ಕ್ರಮೇಣ ಕಡಿಮೆಯಾಗುತ್ತದೆ, ಅಲ್ಲಿವರೆಗೆ ಕಪ್ಪು ಪ್ಯಾಂಟ್ ಹಾಕಿ. ಆದರೆ ಹೊಟ್ಟೆಪಟ್ಟಿಯನ್ನು ಕಟ್ಟುವ ಪಟ್ಟಿಗಳನ್ನು ಎಳೆದು ನೋಡಿ. ರಬ್ಬರ್ ಹಾಗೆ ಬರುತ್ತಿದ್ದರೆ, ತೂತುಗಳು ಉದ್ದವಾಗಿದ್ದರೆ ಅವನ್ನು ಬದಲಿಸಲೇಬೇಕು. ನಿಮ್ಮ ಜೀವ ಆ ಪಟ್ಟಿಗಳ ಮೇಲೆ ಇರುತ್ತದೆ.

ಪ್ರಶ್ನೆ: ರೇಸ್‌ನಿಂದ ಬಂದ ಕುದುರೆ ಇದೆ. ಹೊಸ ಜೀನು ಹಾಕಿದಾಗಿನಿಂದ ಕಿವಿ ಹಿಂದಕ್ಕೆ ಮಾಡುತ್ತದೆ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಜೀನು ಪಳಗುವ ತನಕ ಹೀಗೇನಾ? ಕೆಳಗೆ ಎರಡು ಪ್ಯಾಡ್ ಹಾಕಿದರೂ ಸರಿಹೋಗಲಿಲ್ಲ.
ಓದುಗರು, ಕಡೂರು

ಉತ್ತರ: ಅಲ್ಲ. ಜೀನು ಪಳಗುವುದು ನಿಮ್ಮ ಕಾಲಿಗೆ. ಟ್ರೀ ಕುದುರೆಗೆ ಪಳಗುವುದಿಲ್ಲ, ಅದು ಮರ ಮತ್ತು ಉಕ್ಕು. ನಿಮ್ಮ ಕುದುರೆ ನೋವು ಅಂತ ಹೇಳುತ್ತಿದೆ, ಇವತ್ತಿನಿಂದಲೇ ಆ ಜೀನು ಹಾಕುವುದನ್ನು ನಿಲ್ಲಿಸಿ ಪರೀಕ್ಷೆ ಮಾಡಿ.

ರೇಸ್ ಕುದುರೆಗಳು ಥರೋಬ್ರೆಡ್ ಜಾತಿ. ಇವುಗಳ ಭುಜದ ಮೇಲಿನ ಉಬ್ಬು ಎತ್ತರ, ರೇಸ್ ಬಿಟ್ಟು ಬಂದ ಹೊಸದರಲ್ಲಿ ಅದರ ಎರಡೂ ಬದಿ ಮಾಂಸ ಕಡಿಮೆ ಇರುತ್ತದೆ. ಎಲ್ಲರಿಗೂ ಆಗುವ ಅಳತೆ ಅಂತ ಮಾರುವ ಜೀನು ಇಂಥ ಬೆನ್ನಿನ ಮೇಲೆ ಮುಂದಕ್ಕೆ ಕುಸಿದು ಉಬ್ಬಿನ ಮೇಲೇ ಕೂರಬಹುದು. ಅಥವಾ ಟ್ರೀ ಕಿರಿದಾಗಿದ್ದು ಎರಡೂ ಬದಿ ಒತ್ತುತ್ತಿರಬಹುದು. ಕಿರಿದಾದ ಟ್ರೀಗೆ ಪ್ಯಾಡ್ ಮೇಲೆ ಪ್ಯಾಡ್ ಹಾಕುವುದು ಬಿಗಿ ಶೂಗೆ ಎರಡು ಜೊತೆ ಕಾಲುಚೀಲ ಹಾಕಿದ ಹಾಗೆ, ಒತ್ತಡ ಇನ್ನೂ ಜಾಸ್ತಿ.

ಸಮ ನೆಲದಲ್ಲಿ ಕುದುರೆ ನಿಲ್ಲಿಸಿ. ಪ್ಯಾಡ್ ಇಲ್ಲದೆ, ಬರೀ ಬೆನ್ನಿನ ಮೇಲೆ ಜೀನನ್ನು ಸ್ವಲ್ಪ ಮುಂದಕ್ಕೆ ಇಟ್ಟು, ಕೂದಲು ಮಲಗಿದ ದಿಕ್ಕಿಗೆ ಹಿಂದಕ್ಕೆ ಜಾರಿಸಿ. ಅದು ತಾನಾಗಿ ನಿಲ್ಲುವ ಜಾಗವೇ ಅದರ ಜಾಗ. ಟ್ರೀಯ ಮುಂದಿನ ತುದಿ ಹೆಗಲ ಮೂಳೆಯ ಹಿಂದೆ ಇರಬೇಕು, ಮೇಲೆ ಅಲ್ಲ. ಜೀನಿನ ಮುಂದಿನ ಎತ್ತರದ ಕಮಾನಿಗೂ ಭುಜದ ಉಬ್ಬಿಗೂ ನಡುವೆ ಸವಾರ ಕೂತಾಗಲೂ ಎರಡು ಮೂರು ಬೆರಳು ಹೋಗಬೇಕು. ಹಿಂದಿನಿಂದ ಬಗ್ಗಿ ನೋಡಿ, ಬೆನ್ನುಮೂಳೆಯ ಮೇಲೆ ಉದ್ದಕ್ಕೂ ಸುರಂಗದ ಹಾಗೆ ಬೆಳಕು ಕಾಣಬೇಕು. ಎಲ್ಲೂ ಮೂಳೆಗೆ ತಾಗಬಾರದು. ಮೆತ್ತೆಯ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಸರಿಸಿ: ಮುಂದೆ ಹಿಂದೆ ಒತ್ತಿ ನಡುವೆ ಖಾಲಿ ಸಿಕ್ಕಿದರೆ ಅದು ಸೇತುವೆ ಕಟ್ಟಿದೆ, ಭಾರ ಪೂರ್ತಿ ನಾಲ್ಕು ಜಾಗದಲ್ಲಿ ಬೀಳುತ್ತದೆ. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಕೊನೆಯ ಪಕ್ಕೆಲುಬು ಬೆನ್ನಿಗೆ ಸೇರುವ ಜಾಗ ದಾಟಿ ಜೀನು ಹಿಂದೆ ಹೋಗಬಾರದು, ಅಲ್ಲಿಂದಾಚೆ ಭಾರ ಹೊರಲು ಆಸರೆ ಇಲ್ಲ.

ಬೆವರು ಕೂಡ ಸತ್ಯ ಹೇಳುತ್ತದೆ. ಇನ್ನೊಂದು ಜೀನು ಪ್ರಯತ್ನಿಸುವಾಗ ತೆಳ್ಳನೆ ಬಿಳಿ ಬಟ್ಟೆ ಹಾಕಿ ಸವಾರಿ ಮಾಡಿ ತೆಗೆದು ನೋಡಿ. ಬೆನ್ನುಮೂಳೆಯ ಗೆರೆ ಒಣಗಿರಬೇಕು, ಎರಡೂ ಬದಿ ಸಮನಾಗಿ ಒದ್ದೆ ಇರಬೇಕು. ಒದ್ದೆಯ ಮಧ್ಯೆ ಅಂಗೈಯಷ್ಟು ಜಾಗ ಒಣಗಿದ್ದರೆ ಅಲ್ಲಿ ಒತ್ತಡ ಜಾಸ್ತಿ ಇರಬಹುದು. ಇದನ್ನು ಬಿಟ್ಟರೆ ಮೊದಲು ಊತ, ಆಮೇಲೆ ಹುಣ್ಣು, ಕೊನೆಗೆ ಆ ಜಾಗದಲ್ಲಿ ಬಿಳಿ ಕೂದಲು ಹುಟ್ಟುತ್ತದೆ, ಅದು ಹೆಚ್ಚಾಗಿ ಹೋಗುವುದಿಲ್ಲ. ಬೆನ್ನು ಒತ್ತಿದರೆ ಕುದುರೆ ಬಗ್ಗುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಕಡೂರಿನಿಂದ ದೂರ ಅನ್ನಿಸಿದರೆ ಹತ್ತಿರದ ಪಶು ಆಸ್ಪತ್ರೆಗಾದರೂ ಹೋಗಿ. ಹೊಟ್ಟೆ ನೋವಿಗೂ ಕುದುರೆ ಹೀಗೆ ಮಾಡುವುದುಂಟು, ಅದನ್ನೂ ನೋಡಿಸಿ.

ಟ್ರೀ ಅಳತೆ ಸರಿ ಇದ್ದು ಮೆತ್ತೆ ಮಾತ್ರ ಏರುಪೇರಾಗಿದ್ದರೆ ಉಣ್ಣೆ ತುಂಬಿಸಿ ಸರಿಮಾಡಬಹುದು. ಹೊಸ ಜೀನಿನ ಉಣ್ಣೆ ಮೊದಲ ಕೆಲವು ತಿಂಗಳಲ್ಲಿ ಕುಗ್ಗುತ್ತದೆ, ಕುದುರೆಯ ಮೈಯೂ ತುಂಬಿಕೊಂಡು ಬದಲಾಗುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಮತ್ತೆ ಮಾಡಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ಜೀನಿಗೆ ಬಿಳಿ ಬೂಷ್ಟು. ಒರೆಸಿ ಎಣ್ಣೆ ಹಚ್ಚಿದರೆ ವಾರಕ್ಕೆ ಮತ್ತೆ ಬರುತ್ತದೆ. ಅಡುಗೆಮನೆಯ ಒಲೆ ಮೇಲಿನ ಅಟ್ಟದಲ್ಲಿ ಇಡಿ ಅಂತ ನಮ್ಮತ್ತೆ ಹೇಳುತ್ತಾರೆ. ಇಡಬಹುದಾ?
ಓದುಗರು, ಸಕಲೇಶಪುರ

ಉತ್ತರ: ನಿಮ್ಮತ್ತೆಯ ಲೆಕ್ಕ ಅರ್ಧ ಸರಿ ಇದೆ. ಅಟ್ಟದಲ್ಲಿ ಬೂಷ್ಟು ಬರುವುದಿಲ್ಲ. ಆದರೆ ಒಲೆಯ ಬಿಸಿ, ಹೊಗೆ ಎರಡೂ ನೇರ ಅಲ್ಲಿಗೇ ಹೋಗುತ್ತವೆ, ಚರ್ಮ ಒಣಗಿ ಬಿರಿಯುತ್ತದೆ, ಮಸಿ ಕೂರುತ್ತದೆ. ಇಲಿಗಳಿಗೂ ಬೆವರಿನ ಉಪ್ಪಿರುವ ಚರ್ಮ ಅಂದರೆ ಇಷ್ಟ. ಬಚ್ಚಲ ಒಲೆಯ ಪಕ್ಕವೂ ಬೇಡ, ಬಿಸಿಲು ಬಂತು ಅಂತ ಕಾಫಿ ಕಣದಲ್ಲಿ ಹರಡುವುದೂ ಬೇಡ. ಒದ್ದೆ ಚರ್ಮ ಬಿಸಿಗೆ ಬಹಳ ಬೇಗ ಸೆಟೆದುಕೊಳ್ಳುತ್ತದೆ.

ವಾರಕ್ಕೆ ಮತ್ತೆ ಬರುವುದು ಯಾಕೆ ಅಂದರೆ ನೀವು ಹಚ್ಚುವ ಎಣ್ಣೆಯೇ ಬೂಷ್ಟಿಗೆ ಊಟ. ಬೂಷ್ಟು ಪೂರ್ತಿ ತೆಗೆಯದೆ ಎಣ್ಣೆ ಹಚ್ಚಿದರೆ ಅದನ್ನು ಸಾಕಿದ ಹಾಗೇ ಆಯಿತು. ಮಳೆ ಬಿಟ್ಟ ಹೊತ್ತಿನಲ್ಲಿ ಜೀನನ್ನು ಹೊರಗೆ ಜಗುಲಿಗೆ ತನ್ನಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಒಣ ಬಟ್ಟೆಯಲ್ಲಿ ಬೂಷ್ಟು ತೆಗೆಯಿರಿ. ಮನೆಯೊಳಗೆ ಮಾಡಿದರೆ ಅದರ ಬೀಜ ಕೋಣೆ ತುಂಬಾ ಹರಡುತ್ತದೆ. ಆಮೇಲೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಮೂಲೆ ಮಡಿಕೆ ಹೊಲಿಗೆ ಬಿಡದೆ ಒರೆಸಿ. ಮೊದಲು ಕಾಣದ ಜಾಗದಲ್ಲಿ ಬಣ್ಣ ಹೋಗುತ್ತದಾ ನೋಡಿಕೊಳ್ಳಿ. ಫ್ಯಾನ್ ಗಾಳಿಯಲ್ಲಿ ಪೂರ್ತಿ ಆರಿಸಿ. ಎಣ್ಣೆ ಆಮೇಲೆ, ಅದೂ ಚರ್ಮ ಕೇಳಿದರೆ ಮಾತ್ರ. ಜೀನು ಇಟ್ಟಿದ್ದ ಗೂಟ, ಗೋಡೆ, ಹೊದಿಸಿದ್ದ ಬಟ್ಟೆ ಇವನ್ನೂ ತೊಳೆಯಬೇಕು.

ಇಡುವ ಜಾಗದ ಬಗ್ಗೆ ಜಾಸ್ತಿ ಯೋಚನೆ ಮಾಡಿ, ಸಕಲೇಶಪುರದಲ್ಲಿ ಜೀನಿನ ಆಯಸ್ಸು ನಿರ್ಧಾರವಾಗುವುದು ಅಲ್ಲೇ. ಲಾಯದಲ್ಲಿ ಬೇಡ, ಅಲ್ಲಿ ತೇವವೂ ಜಾಸ್ತಿ, ಗಂಜಲದ ಘಾಟೂ ಜಾಸ್ತಿ. ಹೊರಗೋಡೆಗೆ ಒರಗಿಸಬೇಡಿ, ಮಳೆಗಾಲದಲ್ಲಿ ಆ ಗೋಡೆಯೇ ನೀರು ಕುಡಿದಿರುತ್ತದೆ. ನಡುಮನೆಯ ಒಳಗೋಡೆಗೆ ದುಂಡು ಮರದ ಗೂಟ ಹೊಡೆಸಿ, ಸುತ್ತ ಗಾಳಿ ಆಡುವ ಹಾಗೆ ಇಡಿ. ಮೇಲೆ ಹಳೇ ಪಂಚೆ ಸಾಕು. ಪ್ಲಾಸ್ಟಿಕ್ ಕವರ್ ಹಾಕಲೇಬೇಡಿ, ಒಳಗೆ ಸಿಕ್ಕಿದ ತೇವ ಹೊರಗೆ ಹೋಗುವುದಿಲ್ಲ. ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಷ್ಟಿಗೆ ಅನುಕೂಲ. ತೇವ ತೋರಿಸುವ ಸಣ್ಣ ಮೀಟರ್ ಒಂದು ಕೊಂಡರೆ ಊಹೆ ಮಾಡುವ ಕಷ್ಟ ಇಲ್ಲ. ಮರದ ಬೀರು ಇದ್ದರೆ ಕೆಳಗೆ 40 ವ್ಯಾಟ್‌ನ ಹಳೇ ಕಾಲದ ತಂತಿ ಬಲ್ಬು ಉರಿಸುವುದು ಒಳ್ಳೆಯ ಉಪಾಯ, ಬೀರುವಿನ ಒಳಗೆ ಸ್ವಲ್ಪ ಬೆಚ್ಚಗಾಗಿ ತೇವ ಇಳಿಯುತ್ತದೆ. ಎಲ್‌ಇಡಿಯಲ್ಲಿ ಆ ಬಿಸಿ ಇಲ್ಲ. ಬಲ್ಬಿಗೆ ಬಟ್ಟೆ, ಚರ್ಮ ತಾಗದ ಹಾಗೆ ಜಾಲರಿ ಹಾಕಿ.

ಆರಿದ್ರಾದಿಂದ ಮಘೆ ಮಳೆ ಮುಗಿಯುವ ತನಕ ಎಣ್ಣೆ ಹೆಚ್ಚುಕಡಿಮೆ ನಿಲ್ಲಿಸಿಬಿಡಿ. ವಾರಕ್ಕೆ ಎರಡು ಸಲ ಜೀನು ಇಳಿಸಿ, ರೆಕ್ಕೆ ಎತ್ತಿ, ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಟ್ಟು ಮತ್ತೆ ಗೂಟಕ್ಕೆ ಹಾಕಿ. ಸವಾರಿಯಲ್ಲಿ ನೆಂದರೆ ಅದೇ ದಿನ ಒರೆಸಿ ನೆರಳಲ್ಲಿ ಆರಲು ಬಿಡಿ, ಎಷ್ಟು ದಿನ ಬೇಕಾದರೂ ಆಗಲಿ.

ಪ್ರಶ್ನೆ: ಸವಾರಿ ಕಲಿಯುತ್ತಿದ್ದೇನೆ. ಚರ್ಮದ ಜೀನು ಕೊಳ್ಳಬೇಕಾ, ಸಿಂಥೆಟಿಕ್ ಸಾಕಾ?
ಓದುಗರು, ಚಿಕ್ಕಮಗಳೂರು

ಉತ್ತರ: ಕಲಿಯುವಾಗ ಸಿಂಥೆಟಿಕ್ ಸಾಕು. ಹಗುರ, ನೀರಲ್ಲಿ ತೊಳೆಯಬಹುದು, ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಅಗ್ಗದ ಚರ್ಮದ ಜೀನಿಗಿಂತ ಒಳ್ಳೆಯ ಸಿಂಥೆಟಿಕ್ ಮೇಲು. ಚರ್ಮದ್ದು ಇದ್ದವರೂ ಮಳೆಯ ತಿಂಗಳುಗಳಿಗೆ ಅಂತ ಒಂದು ಸಿಂಥೆಟಿಕ್ ಇಟ್ಟುಕೊಳ್ಳುವುದು ಒಳ್ಳೆಯದು, ಆದರೆ ಅದೂ ಕುದುರೆ ಬೆನ್ನಿಗೆ ಸರಿಹೋಗಬೇಕು.

ಪ್ರಶ್ನೆ: ತಾತನ ಕಾಲದ ಜೀನು ಅಟ್ಟದಲ್ಲಿ ಸಿಕ್ಕಿದೆ. ಎಣ್ಣೆ ಹಾಕಿ ಬಳಸಬಹುದಾ?
ಓದುಗರು, ಬೇಲೂರು

ಉತ್ತರ: ಬಟ್ಟೆಯಲ್ಲಿ ಉಜ್ಜಿದಾಗ ಕೆಂಪು ಪುಡಿ ಬಂದರೆ ಚರ್ಮದ ಎಳೆಗಳೇ ಪುಡಿಯಾಗಿವೆ, ಯಾವ ಎಣ್ಣೆಯೂ ಅದನ್ನು ವಾಪಸ್ ತರುವುದಿಲ್ಲ. ಪುಡಿ ಬರದಿದ್ದರೆ ಟ್ರೀ ನೋಡಿ. ಜೀನಿನ ಮುಂಭಾಗ ಹೊಟ್ಟೆಗೆ ಆನಿಸಿಕೊಂಡು ಹಿಂಭಾಗವನ್ನು ನಿಮ್ಮ ಕಡೆಗೆ ಎಳೆಯಿರಿ. ನಡುವೆ ಮಡಚಿದರೆ, ಲಟಲಟ ಸದ್ದು ಬಂದರೆ ಟ್ರೀ ಮುರಿದಿದೆ, ಅದನ್ನು ಕುದುರೆಗೆ ಹಾಕಲೇಬಾರದು. ಎರಡೂ ಸರಿ ಇದ್ದರೂ ಪಟ್ಟಿಗಳನ್ನೆಲ್ಲ ಹೊಸದು ಹಾಕಿಸಿ, ಹೊಲಿಗೆ ಮರುಹೊಲಿಸಿ, ಆಮೇಲೆ ಹತ್ತಿ.

ಪ್ರಶ್ನೆ: ಎಡಗಾಲಿನ ಸ್ಟಿರಪ್ (ಕಾಲಿಡುವ ಬಳೆ) ಬಲಗಾಲಿಗಿಂತ ಕೆಳಗೆ ಬಂದಿದೆ, ತೂತು ಎಣಿಸಿದರೆ ಎರಡೂ ಸಮ ಇವೆ. ಹಿತ್ತಾಳೆ ಬಕಲ್‌ಗಳ ಸುತ್ತ ಹಸಿರು ಮೇಣದಂಥದ್ದು ಕೂತಿದೆ. ಜೀನು ಕಳಪೆನಾ?
ಓದುಗರು, ಹಾಸನ

ಉತ್ತರ: ಇಲ್ಲ, ಎರಡೂ ಸಹಜ. ನಾವು ಕುದುರೆ ಹತ್ತುವುದು ಎಡಗಡೆಯಿಂದ, ಪ್ರತಿ ಸಲ ಮೈಭಾರ ಪೂರ್ತಿ ಎಡಗಡೆ ಪಟ್ಟಿಯ ಮೇಲೆ ಬಿದ್ದು ಅದು ಎಳೆಯುತ್ತದೆ. ಹೊಸ ಪಟ್ಟಿಗಳನ್ನು ವಾರಕ್ಕೊಮ್ಮೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸುತ್ತಾ ಇರಿ. ಕಲ್ಲಿನ ಮೇಲೋ ಕಟ್ಟೆಯ ಮೇಲೋ ನಿಂತು ಹತ್ತಿದರೆ ಪಟ್ಟಿಗೂ ಒಳ್ಳೆಯದು, ಕುದುರೆ ಬೆನ್ನಿಗೂ ಒಳ್ಳೆಯದು. ಹಸಿರು ಬರುವುದು ಹಿತ್ತಾಳೆಯಲ್ಲಿರುವ ತಾಮ್ರಕ್ಕೂ ಚರ್ಮದ ಎಣ್ಣೆಗೂ ಸೇರಿ. ಬಕಲ್ ಸುತ್ತ ಎಣ್ಣೆ ಜಾಸ್ತಿಯಾಗಿದೆ ಅಂತ ಲೆಕ್ಕ. ಕಡ್ಡಿಯಿಂದ ಕೆರೆದು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಬಕಲ್ ಹೊಳೆಯಲಿ ಅಂತ ಪಾಲಿಶ್ ಹಚ್ಚುವುದಾದರೆ ಚರ್ಮಕ್ಕೆ ತಾಗದ ಹಾಗೆ ಕೆಳಗೆ ಕಾಗದ ಇಟ್ಟುಕೊಳ್ಳಿ. ಬಾಯಿಗೆ ಹಾಕುವ ಕಡಿವಾಣಕ್ಕೆ ಮಾತ್ರ ಪಾಲಿಶ್ ಬೇಡ, ಬಿಸಿನೀರಲ್ಲಿ ತೊಳೆದರೆ ಸಾಕು.